ಸರಕು ಏರ್‌ಶಿಪ್‌ನ ಮೈಕಟ್ಟು, 18 ಕಡಲೆಬೀಜದ ಲೆಕ್ಕದಲ್ಲಿ

ಅಣ್ಣನ ಮಗಳ ಹುಟ್ಟುಹಬ್ಬ ಮುಗಿದ ಮೇಲೆ ಮನೆಯಲ್ಲಿ ಎರಡು ಹೀಲಿಯಂ ಬಲೂನು ಉಳಿದಿದ್ದವು. ಎರಡನ್ನೂ ಕೆಳಗೆಳೆದು ದಾರದ ತುದಿಗೆ ಕಾಫಿ ಕುಡಿಯುವ ಸಣ್ಣ ಪೇಪರ್ ಕಪ್ ಕಟ್ಟಿದೆ. ಬಸವನಗುಡಿ ಪರಿಷೆಯಲ್ಲಿ ತಂದ ಕಡಲೆಕಾಯಿ ಇನ್ನೂ ಮುಗಿದಿರಲಿಲ್ಲ. ಸುಲಿದು ಒಂದೊಂದೇ ಬೀಜ ಕಪ್ಪಿಗೆ ಹಾಕುತ್ತಾ ಹೋದೆ. 17 ಬೀಜ ಬಿದ್ದರೂ ಕಪ್ಪು ನಿಧಾನಕ್ಕೆ ಮೇಲೇರುತ್ತಲೇ ಇತ್ತು. 18ನೆಯದು ಬಿದ್ದಾಗ ನಡುಮನೆಯಲ್ಲಿ ಸೊಂಟದೆತ್ತರಕ್ಕೆ ಸುಮ್ನೆ ನಿಂತುಬಿಟ್ಟಿತು.

"ಚಿಕ್ಕಪ್ಪ, ತೇಲ್ತಾ ಇದೆ ನೋಡು!" ಅಂದವಳೇ ಕಪ್ಪಿಗೆ ಕೈಹಾಕಿ ಐದಾರು ಬೀಜ ಬಾಯಿಗೆ ಹಾಕಿಕೊಂಡಳು. ಕಪ್ಪು ಸೀದಾ ಹೋಗಿ ಫ್ಯಾನಿಗೆ ಬಡಿಯಿತು. ಪುಣ್ಯಕ್ಕೆ ಫ್ಯಾನ್ ಆಫ್ ಆಗಿತ್ತು.

ಸರಕು ಸಾಗಿಸುವ ಏರ್‌ಶಿಪ್, ಅಂದರೆ ಗ್ಯಾಸು ತುಂಬಿ ಎಂಜಿನ್ನು ಕೂರಿಸಿದ ಗಾಳಿಹಡಗು, ಕಟ್ಟಲು ಹೊರಟವರ ನಿದ್ದೆಗೆಡಿಸಿರುವುದು ಇದೇ ಐದಾರು ಕಡಲೆಬೀಜ. ಭಾರ ಎತ್ತುವುದು ಗ್ಯಾಸಿನ ಕೆಲಸ, ಅದಕ್ಕೆ ಯಾರೂ ಕಷ್ಟಪಡಬೇಕಾಗಿಲ್ಲ. ಎತ್ತಿದ ಭಾರವನ್ನು ಇಡೀ ಮೈಗೆ ಹಂಚಬೇಕು. ಆಮೇಲೆ ಅದನ್ನು ಇಳಿಸಿಯೂ ಇದ್ದಲ್ಲೇ ಇರಬೇಕು. ಕಷ್ಟ ಇರುವುದು ಈ ಎರಡರಲ್ಲಿ.

ಇದೆಲ್ಲ ಯಾಕೆ ಬೇಕು ಅಂತ ಕೇಳುವವರು ಒಮ್ಮೆ ಚಿತ್ರದುರ್ಗದ ಕಡೆ ಹೋಗುವಾಗ ಗಾಳಿಯಂತ್ರದ ರೆಕ್ಕೆ ಹೊತ್ತ ಟ್ರೇಲರಿನ ಹಿಂದೆ ಸಿಕ್ಕಿಹಾಕಿಕೊಳ್ಳಬೇಕು. 50, 60 ಮೀಟರ್ ಉದ್ದದ ಒಂದೇ ತುಂಡು. ಮಡಚುವ ಹಾಗಿಲ್ಲ, ಕತ್ತರಿಸುವ ಹಾಗಿಲ್ಲ. ಪ್ರತಿ ತಿರುವಿನಲ್ಲೂ ಇಬ್ಬರು ಇಳಿದು ಕೈಬೀಸಬೇಕು. ಇಂಥದ್ದನ್ನು ರಸ್ತೆಯ ಹಂಗಿಲ್ಲದೆ ಗುಡ್ಡದ ಮೇಲೆ ನೇರ ಇಳಿಸುವ ಆಸೆ ಏರ್‌ಶಿಪ್‌ನವರದ್ದು.

ಮೊದಲು ಗ್ಯಾಸಿನ ಲೆಕ್ಕ. ಮನೆಯ ಮೇಲಿನ 1000 ಲೀಟರಿನ ಟ್ಯಾಂಕ್ ಅಂದರೆ ಒಂದು ಘನ ಮೀಟರ್. ಅಷ್ಟು ಜಾಗದಲ್ಲಿ ಹೀಲಿಯಂ ತುಂಬಿದರೆ ಸಮುದ್ರಮಟ್ಟದಲ್ಲಿ ಸುಮಾರು 1 ಕೆಜಿ ಎತ್ತುತ್ತದೆ. ಅಷ್ಟೇ. ಬೆಂಗಳೂರು 900 ಮೀಟರಿಗೂ ಮೇಲಿದೆ, ಇಲ್ಲಿನ ಗಾಳಿ ತೆಳು, ಹಾಗಾಗಿ 900 ಗ್ರಾಂ. ಫ್ರಾನ್ಸಿನ ಫ್ಲೈಯಿಂಗ್ ವೇಲ್ಸ್ ಕಂಪನಿ ವಿನ್ಯಾಸ ಮಾಡಿರುವ ಎಲ್‌ಸಿಎ60ಟಿ ಎಂಬ ಏರ್‌ಶಿಪ್‌ನ ಗುರಿ 60 ಟನ್ ಸರಕು. ಅದಕ್ಕೆ ಬೇಕಾಗಿರುವ ಹೀಲಿಯಂ ಸುಮಾರು 1,80,000 ಘನ ಮೀಟರ್, ಉದ್ದ 200 ಮೀಟರ್, ದಪ್ಪ 50 ಮೀಟರ್. ನಮ್ಮ ವಿಧಾನಸೌಧದ ಉದ್ದ 700 ಅಡಿ. ಹೆಚ್ಚುಕಮ್ಮಿ ಅದನ್ನೇ ಗಾಳಿಯಲ್ಲಿ ತೇಲಿಬಿಟ್ಟಂತೆ. ಅಷ್ಟೇ ಗ್ಯಾಸು ಮಂಗಳೂರಿನಲ್ಲಿ 180 ಟನ್ ಎತ್ತಿದರೆ ಇಲ್ಲಿ 160 ಟನ್ ಚಿಲ್ಲರೆ. ಖೋತಾ ಬೀಳುವ ಆ 20 ಟನ್ ಸರಕಿನ ಲೆಕ್ಕದಿಂದಲೇ ಹೋಗಬೇಕು, ಏಕೆಂದರೆ ಹಡಗಿನ ಸ್ವಂತ ತೂಕ ಘಟ್ಟ ಹತ್ತಿದಾಗ ಕಡಿಮೆಯಾಗುವುದಿಲ್ಲ. 60 ಟನ್ನಿನ ಲಾರಿ ಬೆಂಗಳೂರಿಗೆ ಬಂದಾಗ 40 ಟನ್ನಿನ ಲಾರಿ ಆಗಿಬಿಡುತ್ತದೆ!

ಈಗ ಮೈಕಟ್ಟಿಗೆ ಬರೋಣ. ಗ್ಯಾಸು ಎಲ್ಲಿ ತಳ್ಳುತ್ತದೆ? ಮೇಲಿನ ಚರ್ಮವನ್ನು, ಮೂಗಿನಿಂದ ಬಾಲದವರೆಗೂ. ಸರಕು ಎಲ್ಲಿರುತ್ತದೆ? ಕೆಳಗೆ, ನಡುವಿನ ಒಂದು ಜಾಗದಲ್ಲಿ. ಹೂವಿನ ಪಲ್ಲಕ್ಕಿ ನೆನಪಿಸಿಕೊಳ್ಳಿ. ದೇವರು ನಡುವೆ, ಹೊರುವ ಹೆಗಲುಗಳು ಬೊಂಬಿನ ಉದ್ದಕ್ಕೂ. ತುದಿಯಲ್ಲಿ ಇರುವವರು ಜೋರಾಗಿ ಎತ್ತಿದರೆ ಬೊಂಬು ನಡುವೆ ಬಾಗುತ್ತದೆ. ಏರ್‌ಶಿಪ್‌ನಲ್ಲೂ ಗ್ಯಾಸು ಹೆಗಲು, ಸರಕು ದೇವರು, ಮೈಕಟ್ಟು ಬೊಂಬು. ತಮಾಷೆ ಏನೆಂದರೆ ಸರಕು ಇಳಿಸಿದ ಮೇಲೆ ಬೊಂಬು ಉಲ್ಟಾ ಬಾಗಲು ನೋಡುತ್ತದೆ. ಬಾಲ ಸಣ್ಣಗಿರುವುದರಿಂದ ಅಲ್ಲಿ ಗ್ಯಾಸು ಕಡಿಮೆ, ಆದರೆ ಭಾರದ ಬಾಲರೆಕ್ಕೆಗಳು ಕೂತಿರುವುದೂ ಅಲ್ಲೇ. ನಡು ಮೇಲೆ, ಬಾಲ ಕೆಳಗೆ. ಎರಡೂ ಕಡೆಯ ಬಾಗುವಿಕೆಯನ್ನು ತಡೆಯುವಷ್ಟು ಗಟ್ಟಿ ಇರಬೇಕು, ಆದರೆ ಪ್ರತಿ ಕೆಜಿ ಗಟ್ಟಿತನಕ್ಕೂ ಒಂದು ಟ್ಯಾಂಕಿನಷ್ಟು ಹೀಲಿಯಂ ದಂಡ.

ಇದನ್ನು ನಿಭಾಯಿಸಲು ದಾರಿಗಳು ಮೂರು. ಬರೀ ಚೀಲ, ಚೀಲಕ್ಕೊಂದು ಬೆನ್ನೆಲುಬು, ಇಲ್ಲವೇ ಪೂರಾ ಅಸ್ಥಿಪಂಜರ.

ಬರೀ ಚೀಲ ಅಂದರೆ ಬ್ಲಿಂಪ್. ಒಳಗಿನ ಒತ್ತಡವೇ ಅದರ ಮೂಳೆ. ಆ ಒತ್ತಡ ಎಷ್ಟು ಕಡಿಮೆ ಅಂದರೆ ನಂಬುವುದು ಕಷ್ಟ, ಸುಮಾರು 500 ಪ್ಯಾಸ್ಕಲ್. ಸ್ಟ್ರಾವನ್ನು 5 ಸೆಂಟಿಮೀಟರ್ ನೀರಿನಲ್ಲಿ ಅದ್ದಿ ಗುಳ್ಳೆ ಬಿಡಲು ಊದುತ್ತೀರಲ್ಲ, ಅಷ್ಟು. ಹಾಗಾಗಿ ಬ್ಲಿಂಪಿಗೆ ತೂತು ಬಿದ್ದರೆ ಬಲೂನಿನಂತೆ ಢಮಾರ್ ಅನ್ನುವುದಿಲ್ಲ, ಗಂಟೆಗಟ್ಟಲೆ ಸೋರುತ್ತದೆ. ಮೇಲೇರಿದಾಗ ಗ್ಯಾಸು ಹಿಗ್ಗಿ ಒತ್ತಡ ಏರದಿರಲಿ ಅಂತ ಹೊಟ್ಟೆಯೊಳಗೆ ಬ್ಯಾಲೊನೆಟ್ ಎಂಬ ಬೇರೆ ಗಾಳಿಚೀಲಗಳಿರುತ್ತವೆ. ಮೇಲೇರುವಾಗ ಅವುಗಳಿಂದ ಗಾಳಿ ಹೊರಗೆ, ಇಳಿಯುವಾಗ ಫ್ಯಾನಿನಿಂದ ಗಾಳಿ ಒಳಗೆ. ಹೀಲಿಯಂ ಮುಟ್ಟಬೇಕಾಗಿಲ್ಲ. ಭಾರ ಹಂಚಲು ಚೀಲದ ಒಳಮೇಲ್ಭಾಗಕ್ಕೆ ಬಟ್ಟೆಯ ಪರದೆ ಕೂಡಿಸಿ, ಪರದೆಯ ಅಂಚಿನಿಂದ ಹಗ್ಗಗಳನ್ನು ಕೆಳಗಿನ ಕ್ಯಾಬಿನ್ನಿಗೆ ಬಿಡುತ್ತಾರೆ. ಒಂದೇ ಹಗ್ಗ ಒಂದೇ ಕಡೆ ಎಳೆದರೆ ಬಟ್ಟೆ ಹರಿಯುತ್ತದೆ. ಪರದೆ ಆ ಎಳೆತವನ್ನು ಹತ್ತಾರು ಮೀಟರ್ ಉದ್ದಕ್ಕೆ ಹಂಚುತ್ತದೆ.

ಹಾಗಾದರೆ ಬ್ಲಿಂಪನ್ನೇ ದೊಡ್ಡದು ಮಾಡಿದರೆ ಆಗದಾ? ಚೀಲದ ಬಟ್ಟೆಯ ಮೇಲಿನ ಎಳೆತ ಅಂದರೆ ಒತ್ತಡ ಗುಣಿಸು ಅರ್ಧ ದಪ್ಪ. 14 ಮೀಟರ್ ದಪ್ಪದ ಬ್ಲಿಂಪಿನಲ್ಲಿ ಒಂದು ಸೆಂಟಿಮೀಟರ್ ಅಗಲದ ಪಟ್ಟಿಗೆ ಮೂರೂವರೆ ಕೆಜಿ ನೇತುಹಾಕಿದಷ್ಟು. 65 ಮೀಟರ್ ದಪ್ಪವಾದರೆ ಅದೇ ಪಟ್ಟಿಗೆ 16 ಕೆಜಿ. ಸಾಲದ್ದಕ್ಕೆ ಹೀಲಿಯಂ ಮೇಲಕ್ಕೆ ಒತ್ತುವುದರಿಂದ ಪ್ರತಿ ಮೀಟರ್ ಎತ್ತರಕ್ಕೂ ಸುಮಾರು 10 ಪ್ಯಾಸ್ಕಲ್ ಸೇರುತ್ತಾ ಹೋಗುತ್ತದೆ. 65 ಮೀಟರ್ ಚೀಲದ ನೆತ್ತಿಯಲ್ಲಿ ಒತ್ತಡ ದುಪ್ಪಟ್ಟಿಗಿಂತ ಜಾಸ್ತಿ. ಬಟ್ಟೆ ದಪ್ಪ ಮಾಡಬೇಕು, ದಪ್ಪ ಮಾಡಿದರೆ ತೂಕ.

ಬ್ರಿಟನ್ನಿನ ಏರ್‌ಲ್ಯಾಂಡರ್ 10 ಮತ್ತು ಅಮೆರಿಕದಲ್ಲಿ ಲಾಕ್‌ಹೀಡ್ ಮಾರ್ಟಿನ್ 2006ರಲ್ಲಿ ಹಾರಿಸಿದ ಪಿ-791 ಇದಕ್ಕೊಂದು ಜಾಣ ಉಪಾಯ ಹುಡುಕಿದವು. ಒಂದೇ ದಪ್ಪ ಚೀಲದ ಬದಲು ಪಕ್ಕಪಕ್ಕದ ಉಬ್ಬುಗಳು. ಪ್ರತಿ ಉಬ್ಬೂ ಸಣ್ಣದು, ಹಾಗಾಗಿ ಬಟ್ಟೆಯ ಎಳೆತವೂ ಸಣ್ಣದು. ಉಬ್ಬುಗಳು ಸೇರುವ ಕಡೆ ಒಳಗೊಂದು ಗೋಡೆ. ಮೇಲಿಂದ ಚಪ್ಪಟೆಯಾಗಿ ಕಾಣುವ ಆ ಮೈ ಮುಂದಕ್ಕೆ ಹಾರುವಾಗ ವಿಮಾನದ ರೆಕ್ಕೆಯಂತೆ ತಾನೂ ಒಂದಷ್ಟು ಎತ್ತುತ್ತದೆ. ಏರ್‌ಲ್ಯಾಂಡರ್‌ನಲ್ಲಿ ಶೇ. 40ರವರೆಗೂ ಹಾಗೆ ಬರುತ್ತದೆ. ನನಗೆ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ವಿನ್ಯಾಸ ಇದು, ಕಾರಣ ಆಮೇಲೆ ಹೇಳುತ್ತೇನೆ.

ಚೀಲಕ್ಕೊಂದು ಬೆನ್ನೆಲುಬು ಕೊಡುವುದು ನಡುವಿನ ದಾರಿ. 1997ರಲ್ಲಿ ಮೊದಲು ಹಾರಿದ ಜರ್ಮನಿಯ ಜೆಪ್ಪೆಲಿನ್ ಎನ್‌ಟಿಯಲ್ಲಿ ಕಾರ್ಬನ್ ಫೈಬರಿನ 12 ತ್ರಿಕೋನ ಚೌಕಟ್ಟುಗಳನ್ನು ಮೂರು ಉದ್ದನೆಯ ಅಲ್ಯೂಮಿನಿಯಂ ತೊಲೆಗಳಿಗೆ ಸಿಕ್ಕಿಸಿ ಚೀಲದೊಳಗೆ ಇಟ್ಟಿದ್ದಾರೆ. ಎಂಜಿನ್ನು, ಬಾಲ, ಕ್ಯಾಬಿನ್ ಎಲ್ಲ ಆ ತೊಲೆಗೆ ಕೂರುತ್ತವೆ. ಆದರೆ ಅದು ಜನ ಹತ್ತುವ ಹಡಗು, 60 ಟನ್ ಎತ್ತುವಂಥದ್ದಲ್ಲ.

ಅಷ್ಟು ದೊಡ್ಡದಕ್ಕೆ ಹೆಚ್ಚಿನವರು ಮತ್ತೆ ಹಳೆಯ ಅಸ್ಥಿಪಂಜರಕ್ಕೇ ಮರಳುತ್ತಾರೆ. ಸೈಕಲ್ ಚಕ್ರಗಳನ್ನು ಸಾಲಾಗಿ ನಿಲ್ಲಿಸಿ, ರಿಮ್ಮಿನಿಂದ ರಿಮ್ಮಿಗೆ ಉದ್ದ ಕೋಲು ಕಟ್ಟಿ, ಮೇಲೆ ಬಟ್ಟೆ ಹೊದೆಸಿದಂತೆ. ರಿಮ್ಮು ದುಂಡಗೆ ಇರುವುದು ಕಡ್ಡಿಗಳ ಬಿಗಿತದಿಂದ ತಾನೇ? ಜೆಪ್ಪೆಲಿನ್ ಎಂಬ ಹಳೆಯ ಜರ್ಮನ್ ಏರ್‌ಶಿಪ್‌ಗಳ ಮುಖ್ಯ ಉಂಗುರಗಳಲ್ಲೂ ಹಾಗೆಯೇ ಅಡ್ಡಡ್ಡ ತಂತಿ ಬಿಗಿದಿರುತ್ತಿತ್ತು. ಎರಡು ಉಂಗುರಗಳ ನಡುವೆ ಒಂದೊಂದು ಗ್ಯಾಸ್ ಚೀಲ. ಒಂದು ಸೋರಿದರೆ ಉಳಿದವು ಇರಲಿ ಅಂತ, ಮತ್ತೆ ಹಡಗು ವಾಲಿದಾಗ ಗ್ಯಾಸೆಲ್ಲ ಒಂದೇ ತುದಿಗೆ ಓಡದಿರಲಿ ಅಂತ. ಇಲ್ಲಿ ಚೀಲಕ್ಕೆ ಒತ್ತಡ ಬೇಕಿಲ್ಲ, ಆಕಾರ ಕೊಡುವುದು ಎಲುಬಿನ ಕೆಲಸ.

ಈ ಎಲುಬು ಮುರಿಯುವುದು ಎಳೆತದಿಂದಲ್ಲ. ತೆಂಗಿನ ಪೊರಕೆಯ ಒಂದು ಕಡ್ಡಿ ತೆಗೆದುಕೊಳ್ಳಿ. ಎರಡೂ ತುದಿ ಹಿಡಿದು ಎಳೆಯಿರಿ, ಏನೂ ಆಗುವುದಿಲ್ಲ. ಈಗ ಎರಡು ತುದಿಯನ್ನೂ ಒಳಕ್ಕೆ ಒತ್ತಿ. ತಟಕ್ಕನೆ ಪಕ್ಕಕ್ಕೆ ಬಾಗಿತು ಅಲ್ವಾ? ಅದೇ ಕಡ್ಡಿಯನ್ನು ಗಿಡ್ಡ ಮಾಡಿ ಒತ್ತಿದರೆ ಬಾಗುವುದು ಕಷ್ಟ. ಅದೇ ತೂಕದ ವಸ್ತುವನ್ನು ಬಿದಿರಿನಂತೆ ಟೊಳ್ಳು ಮಾಡಿದರೆ ಇನ್ನೂ ಕಷ್ಟ. ಹಾಗಾಗಿ ಏರ್‌ಶಿಪ್ ಎಲುಬೆಲ್ಲ ಟೊಳ್ಳು ಕೊಳವೆ, ಗಿಡ್ಡ ತುಂಡು, ತ್ರಿಕೋನದ ಜೋಡಣೆ. ಮನೆ ಕಟ್ಟುವಾಗ ಸಾರವೆ ಕಟ್ಟುವವರು ಓರೆಗೊಂದು ಕೋಲು ಬಿಗಿಯುತ್ತಾರಲ್ಲ, ಅದೇ ವಿದ್ಯೆ.

ಹಿಂದೆ ಈ ಕೆಲಸಕ್ಕೆ ಡ್ಯುರಾಲುಮಿನ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹ. ಈಗ ಕಾರ್ಬನ್ ಫೈಬರ್. ತೇಜಸ್ ವಿಮಾನದ ರೆಕ್ಕೆಯಿಂದಾಗಿ ಬೆಂಗಳೂರಿನವರಿಗೆ ಆ ಹೆಸರು ಹೊಸದಲ್ಲ. ಗೂಗಲ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸೆರ್ಗೆ ಬ್ರಿನ್ ಹಣ ಹಾಕಿರುವ ಎಲ್‌ಟಿಎ ರಿಸರ್ಚ್ ಕಂಪನಿಯ ಪಾತ್‌ಫೈಂಡರ್ 1 ಸುಮಾರು 124 ಮೀಟರ್ ಉದ್ದ. ಅದರಲ್ಲಿ 13 ಮುಖ್ಯ ಉಂಗುರಗಳು, ಸುಮಾರು 10,000 ಕಾರ್ಬನ್ ಕೊಳವೆಗಳು, ಅವನ್ನು ಜೋಡಿಸಲು 3,000 ಟೈಟಾನಿಯಂ ಗಂಟುಗಳು. ಅಲ್ಯೂಮಿನಿಯಂ ಅಗ್ಗ ಆಗಿರುವಾಗ ಟೈಟಾನಿಯಂ ಏನಕ್ಕೆ? ಕಾರ್ಬನ್ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ತೇವ ಸಿಕ್ಕರೆ ಸಣ್ಣ ಬ್ಯಾಟರಿಯ ಹಾಗೆ ಕೆಲಸ ಮಾಡಿ ಅಲ್ಯೂಮಿನಿಯಂ ಸವೆಯುತ್ತದೆ. ಟೈಟಾನಿಯಂಗೆ ಆ ರಗಳೆ ಇಲ್ಲ.

ಏರ್‌ಶಿಪ್ ಅಂದ ಕೂಡಲೇ ಎಲ್ಲರೂ ಕೇಳುವುದು 1937ರಲ್ಲಿ ಹಿಂಡನ್‌ಬರ್ಗ್ ಎಂಬ ಜರ್ಮನ್ ಏರ್‌ಶಿಪ್ ಹೊತ್ತಿ ಉರಿದದ್ದನ್ನು. ಅದರಲ್ಲಿದ್ದದ್ದು ಹೈಡ್ರೋಜನ್. ಆದರೆ ಅಮೆರಿಕದ ನೌಕಾಪಡೆಯ ಮೂರು ದೊಡ್ಡ ಹಡಗುಗಳು, ಶೆನಾಂಡೋವಾ, ಆಕ್ರನ್, ಮೇಕನ್, ಬೆಂಕಿ ಹತ್ತದ ಹೀಲಿಯಂನಲ್ಲೇ ಹಾರಿದವು. ಮೂರೂ ಹವೆಗೆ ಸಿಕ್ಕಿ ಹೋದವು. 1925ರಲ್ಲಿ ಶೆನಾಂಡೋವಾ ಬಿರುಗಾಳಿಯಲ್ಲಿ ತುಂಡಾಯಿತು. 1933ರಲ್ಲಿ ಆಕ್ರನ್ ಸಮುದ್ರಕ್ಕೆ ಬಿದ್ದು 73 ಜನ ಸತ್ತರು. ನನ್ನ ಪ್ರಕಾರ ಏರ್‌ಶಿಪ್ ವಿನ್ಯಾಸ ಕಲಿಯುವವರು ಹಿಂಡನ್‌ಬರ್ಗ್ ಬಿಟ್ಟು ಮೇಕನ್ ಕಥೆ ಓದಬೇಕು.

ಮೇಕನ್‌ನ ವಿನ್ಯಾಸದ ನಡುವೆ ಒಂದು ಬೇಡಿಕೆ ಬಂತು. ಕ್ಯಾಪ್ಟನ್ ಇರುವ ಕ್ಯಾಬಿನ್ನಿನಿಂದ ಬಾಲದ ಕೆಳರೆಕ್ಕೆ ಕಣ್ಣಿಗೆ ಕಾಣಬೇಕು ಅಂತ. ಸರಿ, ರೆಕ್ಕೆಗಳನ್ನು ಗಿಡ್ಡ ಮಾಡಿ ಎತ್ತರ ಮಾಡಿದರು. ಆಗ ರೆಕ್ಕೆಯ ಮುಂತುದಿ ಗಟ್ಟಿ ಉಂಗುರದ ಮೇಲೆ ಕೂರುವ ಬದಲು ಎರಡು ಗಟ್ಟಿ ಉಂಗುರಗಳ ನಡುವಿನ ಬಡಪಾಯಿ ಉಂಗುರದ ಮೇಲೆ ಬಂದು ಕೂತಿತು. 1934ರಲ್ಲಿ ಟೆಕ್ಸಸ್ ಮೇಲೆ ಹಾರುವಾಗ ಅದೇ ಜಾಗದ ತೊಲೆಗಳು ನಲುಗಿದವು. ಒಂದಷ್ಟು ರಿಪೇರಿ ಆಯಿತು, ಮೇಲಿನ ರೆಕ್ಕೆಯದ್ದು ಆಮೇಲೆ ನೋಡೋಣ ಅಂತ ಬಿಟ್ಟರು. 1935ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಒಂದು ಜೋರು ಗಾಳಿ ಬಡಿದು ಮೇಲಿನ ರೆಕ್ಕೆ ಕಿತ್ತುಬಂತು. ಅದರ ಚೂರುಗಳು ಹಿಂದಿನ ಗ್ಯಾಸ್ ಚೀಲಗಳನ್ನು ಹರಿದವು.

ಮುಂದಿನದ್ದು ನಮ್ಮ ಕಡಲೆಬೀಜದ ಕಥೆಯೇ. ಬಾಲ ಕುಸಿಯಿತು ಅಂತ ಸಿಬ್ಬಂದಿ ಹಡಗಿನ ನೀರು, ಇಂಧನ ಎಲ್ಲ ಸುರಿದರು. ಹಡಗು ಫ್ಯಾನಿಗೆ ಬಡಿದ ಕಪ್ಪಿನಂತೆ ಮೇಲಕ್ಕೆ ಹಾರಿತು. ಎತ್ತರದಲ್ಲಿ ಗಾಳಿ ತೆಳು, ಚೀಲಗಳು ಹಿಗ್ಗಿದವು, ಹರಿಯದಿರಲಿ ಅಂತ ಇರುವ ವಾಲ್ವುಗಳು ತಾವಾಗಿ ತೆರೆದು ಹೀಲಿಯಂ ಬಿಟ್ಟವು. ಹೋದ ಗ್ಯಾಸು ವಾಪಸ್ ಬರುವುದಿಲ್ಲ. ಆಮೇಲೆ ಹಡಗು ನಿಧಾನಕ್ಕೆ ಇಳಿದು ಸಮುದ್ರ ಸೇರಿತು. ಲೈಫ್ ಜಾಕೆಟ್ಟು ಇದ್ದದ್ದರಿಂದ ಸತ್ತವರು ಇಬ್ಬರೇ.

ಸರಕು ಹಡಗಿಗೆ ಇದು ಅಪಘಾತದ ದಿನದ ಮಾತಲ್ಲ, ದಿನಾಲೂ ಬರುವ ಪರೀಕ್ಷೆ. 60 ಟನ್ ಇಳಿಸಿದ ಮರುಕ್ಷಣ 60 ಟನ್ ಮೇಲ್ಮುಖ ಬಲ ಕೈಗೆ ಸಿಗುತ್ತದೆ. ಅದನ್ನು ಏನು ಮಾಡುವುದು? ಫ್ಲೈಯಿಂಗ್ ವೇಲ್ಸ್ ಉತ್ತರ ನೀರು. ಹಡಗು ನೆಲ ಮುಟ್ಟದೆ ತೇಲುತ್ತಾ ನಿಂತು ಹಗ್ಗದಿಂದ ಸರಕು ಇಳಿಸುತ್ತದೆ, ಅಷ್ಟೇ ತೂಕದ ನೀರು ಮೇಲೆ ತುಂಬಿಕೊಳ್ಳುತ್ತದೆ. ಕೇಳಲು ಸರಳ. ಆದರೆ 60 ಟನ್ ನೀರು ಅಂದರೆ ನಮ್ಮ 6,000 ಲೀಟರಿನ ಟ್ಯಾಂಕರ್ ಹತ್ತು. ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಒಂದು ಟ್ಯಾಂಕರಿಗೆ ಎಷ್ಟು ಫೋನ್ ಮಾಡಬೇಕು ಅಂತ ಗೊತ್ತಲ್ಲ. ರಸ್ತೆಯಿಲ್ಲದ ಗುಡ್ಡದ ಮೇಲೆ ಹತ್ತು ಟ್ಯಾಂಕರ್ ನೀರು ಇರಬೇಕು ಅನ್ನುವುದು ಸಣ್ಣ ಷರತ್ತಲ್ಲ.

ಮೈಕಟ್ಟಿಗೂ ಇದು ಸುಲಭವಲ್ಲ. ಸರಕಿದ್ದ ಜಾಗದಲ್ಲೇ ನೀರು ಬರಬೇಕು, ಬರುವ ವೇಗವೂ ಹೊಂದಬೇಕು. ಮೂಗಿನ ಕಡೆ ನೀರು ಜಾಸ್ತಿ, ನಡುವೆ ಸರಕು ಖಾಲಿ ಆದರೆ ಪಲ್ಲಕ್ಕಿಯ ಬೊಂಬು ಬಾಗಿತು ಅಂತಲೇ ಅರ್ಥ. ಅದಕ್ಕೇ ಇಂಥ ಹಡಗಿನ ಹೊಟ್ಟೆಯಲ್ಲಿ ಕೀಲ್ ಅನ್ನುವ ಗಟ್ಟಿ ಸೇತುವೆಯಂಥ ತೊಲೆ ಇಡುತ್ತಾರೆ. ಸರಕಿನ ಕೋಣೆ, ನೀರಿನ ಟ್ಯಾಂಕು, ಎಳೆಯುವ ಯಂತ್ರ ಎಲ್ಲ ಅದಕ್ಕೇ. ಎಲ್‌ಸಿಎ60ಟಿಯ ಸರಕಿನ ಕೋಣೆಯೇ 96 ಮೀಟರ್, ಗಾಳಿಯಂತ್ರದ ರೆಕ್ಕೆ ಮಲಗಲಿ ಅಂತ.

ಎರಡನೆಯ ಉಪಾಯ ಹೀಲಿಯಂ ಅನ್ನು ಒತ್ತಿ ಸಿಲಿಂಡರಿಗೆ ತುಂಬಿ ಹಡಗನ್ನು ಭಾರ ಮಾಡುವುದು. ಅಮೆರಿಕದ ಏರೋಸ್ ಕಂಪನಿ 2013ರಲ್ಲಿ ಇದರ ಮಾದರಿ ತೋರಿಸಿತು. 60 ಟನ್ ಲೆಕ್ಕಕ್ಕೆ ಸುಮಾರು 60,000 ಘನ ಮೀಟರ್ ಗ್ಯಾಸು ಒತ್ತಬೇಕು. ಅಷ್ಟನ್ನು ಹಿಡಿದಿಡುವ ಪಾತ್ರೆಯ ತೂಕವೇ ಲಾಭ ತಿಂದುಹಾಕುತ್ತದೆ ಅನ್ನುವುದು ನನ್ನ ಅನುಮಾನ.

ಮೂರನೆಯದು ಏರ್‌ಲ್ಯಾಂಡರ್ ದಾರಿ, ನನಗೆ ಇಷ್ಟ ಅಂದದ್ದು. ಗ್ಯಾಸು ಹಡಗಿನ ಸ್ವಂತ ಭಾರ ಹೊತ್ತುಕೊಳ್ಳಲಿ. ಸರಕಿನ ಬಹುಪಾಲು ಭಾರವನ್ನು ಮೈಯ ಆಕಾರ, ಎಂಜಿನ್ನು ಹೊರಲಿ. ಆಗ ಸರಕು ಇಳಿಸಿದರೂ ಹಡಗು ಹಾರಿಹೋಗುವುದಿಲ್ಲ, ಏಕೆಂದರೆ ಸರಕನ್ನು ಎತ್ತಿದ್ದು ಗ್ಯಾಸೇ ಅಲ್ಲ. ನೀರಿನ ಟ್ಯಾಂಕರ್ ಬೇಡ. ಬದಲಿಗೆ ಓಡಲು ಒಂದಷ್ಟು ಬಯಲು ಬೇಕು, ಸರಕೂ 10 ಟನ್ನಿಗೆ ಇಳಿಯಿತು.

ನೆಲದ ಮೇಲಿನ ಕಷ್ಟ ಇನ್ನೊಂದು. 36 ಕಿಲೋಮೀಟರ್ ವೇಗದ ಗಾಳಿ 200 ಮೀಟರಿನ ಹಡಗಿಗೆ ಪಕ್ಕದಿಂದ ಬಡಿದರೆ, ನನ್ನ ಒರಟು ಲೆಕ್ಕದಲ್ಲಿ, 20 ಟನ್ ಆಸುಪಾಸಿನ ತಳ್ಳು. ಏಪ್ರಿಲ್ ಸಂಜೆ ಬೆಂಗಳೂರಿನಲ್ಲಿ ಮರ ಉರುಳಿಸುವ ಗಾಳಿಗೆ ಹೋಲಿಸಿದರೆ ಇದು ಏನೂ ಅಲ್ಲ. ಅದಕ್ಕೇ ಹಡಗನ್ನು ಮೂಗಿನಿಂದ ಮಾತ್ರ ಕಂಬಕ್ಕೆ ಕಟ್ಟುತ್ತಾರೆ, ಗಾಳಿ ಬಂದ ಕಡೆಗೆ ಅದು ತಾನೇ ತಿರುಗಿಕೊಳ್ಳಲಿ ಅಂತ. ಸುತ್ತಲು 31 ಎಕರೆ ಖಾಲಿ ಜಾಗ ಬೇಕು, ಲಾಲ್‌ಬಾಗಿನ ಎಂಟನೇ ಒಂದು ಭಾಗ. ಅಷ್ಟಾದರೂ ಕಂಬ ಕೈಕೊಡಬಹುದು. 2017ರ ನವೆಂಬರಿನಲ್ಲಿ ಏರ್‌ಲ್ಯಾಂಡರ್ ಕಂಬದಿಂದ ಬಿಡಿಸಿಕೊಂಡಿತು. ಹಾಗಾದರೆ ತಾನೇ ಹರಿದುಕೊಂಡು ಗ್ಯಾಸು ಬಿಡುವ ಪಟ್ಟಿ ಅದರಲ್ಲಿತ್ತು, ಹಡಗು ಅಲ್ಲೇ ಮುದ್ದೆಯಾಗಿ ಬಿತ್ತು.

ಕಂಬ ಬೇಡ ಅಂದರೆ ಶೆಡ್ಡು ಬೇಕು. ಜರ್ಮನಿಯ ಕಾರ್ಗೋಲಿಫ್ಟರ್ ಕಂಪನಿ 160 ಟನ್ ಎತ್ತುವ 260 ಮೀಟರಿನ ಹಡಗಿಗಾಗಿ 360 ಮೀಟರ್ ಉದ್ದ, 107 ಮೀಟರ್ ಎತ್ತರದ ಶೆಡ್ಡು ಕಟ್ಟಿತು. ಹಡಗು ಕಟ್ಟುವ ಮೊದಲೇ 2002ರಲ್ಲಿ ದಿವಾಳಿಯಾಯಿತು. ಈಗ ಆ ಶೆಡ್ಡಿನೊಳಗೆ ಮರಳು, ತಾಳೆಮರ, ಈಜುಕೊಳ ಇರುವ ರೆಸಾರ್ಟ್ ನಡೆಯುತ್ತಿದೆ.

ಕೊನೆಗೆ ಚರ್ಮದ ಮಾತು. ಹೀಲಿಯಂ ಪರಮಾಣು ತುಂಬ ಸಣ್ಣದು, ರಬ್ಬರಿನ ಮೂಲಕ ನುಸುಳಿಹೋಗುತ್ತದೆ. ಒತ್ತಡದ ಮೇಲೆ ನಿಂತ ಹಡಗುಗಳ ಚರ್ಮಕ್ಕೆ ಹಾಗಾಗಿ ಪದರ ಪದರ ಬೇಕು. ಎಳೆತ ತಡೆಯಲು ವೆಕ್ಟ್ರಾನ್‌ನಂಥ ಗಟ್ಟಿ ನೂಲಿನ ನೇಯ್ಗೆ, ಗ್ಯಾಸು ತಡೆಯಲು ಮೈಲಾರ್‌ನಂಥ ತೆಳು ಹಾಳೆ, ಬಿಸಿಲಿಗೆ ಹಾಳಾಗದಿರಲು ಹೊರಗೊಂದು ಟೆಡ್ಲಾರ್ ಪದರ. ಹೊಲಿದರೆ ಸೂಜಿಯ ತೂತಿನಲ್ಲೇ ಸೋರುತ್ತದೆ, ಹಾಗಾಗಿ ಹೊರಚರ್ಮದ ಪಟ್ಟಿಗಳನ್ನು ಕಾಯಿಸಿಯೋ ಅಂಟಿಸಿಯೋ ಕೂಡಿಸುತ್ತಾರೆ. ಅಂಗಡಿಯಲ್ಲಿ ಮಿರಮಿರ ಮಿಂಚುವ ಫಾಯಿಲ್ ಬಲೂನು ವಾರಗಟ್ಟಲೆ ತೇಲುವುದೂ, ರಬ್ಬರಿನದ್ದು ರಾತ್ರಿ ಕಳೆಯುವುದರೊಳಗೆ ಸೊರಗುವುದೂ ಇದೇ ಹಾಳೆಯ ಮಹಿಮೆ.

ನಮ್ಮ ಮನೆಯಲ್ಲಿದ್ದದ್ದು ರಬ್ಬರಿನವು. ಬೆಳಗ್ಗೆ ಎದ್ದು ನೋಡಿದರೆ ಎರಡೂ ಸುಕ್ಕುಗಟ್ಟಿ ಸೋಫಾದ ಪಕ್ಕ ಕೂತಿದ್ದವು. ಕಪ್ಪಿನ ತಳದಲ್ಲಿ ನಾಲ್ಕು ಕಡಲೆಬೀಜ ಉಳಿದಿತ್ತು. ಉಳಿದವು ಯಾವಾಗ ಖಾಲಿಯಾದವು ಅಂತ ಕೇಳಿದರೆ ಅವಳು ಬಾಯಿ ಬಿಡಲಿಲ್ಲ.